ಅಂಕ 14, ಬಿಪಿ 170: ಹೆಂಡತಿಯ ಆರೈಕೆಗೆ ನಿಂತ ಒಬ್ಬ ಗಂಡನ ಪ್ರಕರಣ

ಈ ಪ್ರಕರಣದಲ್ಲಿ ಹಾಸಿಗೆ ಹಿಡಿದವರು ಹೆಂಡತಿ. ಆದರೆ ನನಗೆ ಬಂದ ಚೀಟಿಯಲ್ಲಿ ಇದ್ದದ್ದು ಗಂಡನ ಹೆಸರು. ಅವರ ಫ್ಯಾಮಿಲಿ ಡಾಕ್ಟರ್ ಬರೆದದ್ದು ಇಷ್ಟೇ: ತೊಡೆಸಂದಿನಲ್ಲಿ ಹರ್ನಿಯಾ, ಆಪರೇಷನ್ ಆಗಬೇಕು. ಬಿಪಿ 170/100. ವರ್ಷದಲ್ಲಿ ಏಳು ಕೆಜಿ ಇಳಿದಿದ್ದಾರೆ. ಕೇಳಿದರೆ ಏನೂ ತೊಂದರೆ ಇಲ್ಲ ಅನ್ನುತ್ತಾರೆ. ಒಮ್ಮೆ ಮಾತಾಡಿಸಿ ನೋಡಿ.

ಸ್ಟ್ರೋಕ್ ಆದವರ ಮನೆಗೆ ಹೋಗಿ ಮನೆಯವರ ಜೊತೆ ಕೂತು ಮಾತಾಡುವುದು ನನ್ನ ಕೆಲಸ. ಈ ಮನೆ ವಿದ್ಯಾರಣ್ಯಪುರದ ಕಡೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಹೆಸರುಗಳೂ ಬೇಡ. ಗಂಡನನ್ನು ರಾಯರು ಎನ್ನೋಣ. ಹೆಂಡತಿ ಅಮ್ಮ. ಆಮೇಲೆ ಮದ್ದೂರಿನಿಂದ ಬರುವ ಅಮ್ಮನ ತಂಗಿ, ಆ ಮನೆಯಲ್ಲಿ ಕರೆಯುವ ಹಾಗೇ ಚಿಕ್ಕಮ್ಮ.

ರಾಯರಿಗೆ 68. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇಡೀ ಸರ್ವಿಸ್ ಕಳೆದವರು. ಕೈಗೆ ಬಂದ ಬಿಡಿಭಾಗ ಅಳತೆಗೆ ಸರಿ ಇದೆಯೋ ಇಲ್ಲವೋ ನೋಡಿ ಪಾಸ್ ಮಾಡುವುದು ಅಥವಾ ವಾಪಸ್ ಕಳಿಸುವುದು ಅವರ ಕೆಲಸವಾಗಿತ್ತು. ಅಮ್ಮನಿಗೆ 63. ಮೂರು ವರ್ಷದ ಹಿಂದೆ ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದವು, ಜೊತೆಗೆ ಮಾತೂ ಹೋಯಿತು. ಹೆಚ್ಚಿನವರಿಗೆ ಮಾತಿನ ಕೇಂದ್ರ ಇರುವುದು ಎಡ ಮೆದುಳಿನಲ್ಲೇ. ಹಾಗಾಗಿ ಬಲಪಕ್ಕ ಬಿದ್ದವರಲ್ಲಿ ಮಾತು ಹೋಗುವುದು ಜಾಸ್ತಿ. ಇದಕ್ಕೆ ಅಫೇಸಿಯಾ ಅಂತಾರೆ. ಅಮ್ಮನಿಗೆ ನಾವು ಹೇಳುವುದು ಹೆಚ್ಚುಕಡಿಮೆ ಎಲ್ಲ ಅರ್ಥವಾಗುತ್ತದೆ. ವಾಪಸ್ ಹೇಳಲು ಬರುವುದು ‘ಬೇಡ’, ‘ಅದೇ’ ಅನ್ನುವ ಎರಡೇ ಮಾತು. ಆದರೆ ಯಾರಾದರೂ ದೇವರನಾಮ ಶುರು ಮಾಡಿದರೆ ಎರಡು ಸಾಲು ಪದ ಸಮೇತ ಹಾಡುತ್ತಾರೆ. ನೋಡಿದವರು ನಾಟಕ ಅಂದುಕೊಳ್ಳುತ್ತಾರೆ. ನಾಟಕ ಅಲ್ಲ. ಬಾಯಿಪಾಠವಾದ ಹಾಡು, ಪ್ರಾರ್ಥನೆ, ಎಣಿಕೆ ಇಂಥವು ಅಫೇಸಿಯಾದಲ್ಲಿ ಎಷ್ಟೋ ಸಲ ಉಳಿದುಕೊಳ್ಳುತ್ತವೆ.

ಒಬ್ಬನೇ ಮಗ, ಪುಣೆಯಲ್ಲಿ ಕೆಲಸ. ಭಾನುವಾರ ವಿಡಿಯೋ ಕಾಲ್. ನಾನು ಮೊದಲ ಸಲ ಫೋನ್ ಮಾಡಿದಾಗ ಅವನು ಹೇಳಿದ್ದು: “ಅಪ್ಪನ ಸ್ವಭಾವನೇ ಹಾಗೆ ಮೇಡಂ, ಯಾರ ಕೈಗೂ ಬಿಡಲ್ಲ. ಏನೂ ಮಾಡಕ್ಕಾಗಲ್ಲ.”

ಮೊದಲ ಆರು ತಿಂಗಳು ರಾಯರಂಥ ಆರೈಕೆದಾರ ಸಿಗುವುದು ಅಪರೂಪ ಅನ್ನುವ ಹಾಗಿತ್ತು. ಮಾತ್ರೆಯ ಪಟ್ಟಿ, ಫಿಸಿಯೋ ಟೈಮ್, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಒಂದೂ ತಪ್ಪಲಿಲ್ಲ. ಬೆನ್ನಲ್ಲಿ ಒಂದು ಹುಣ್ಣಿಲ್ಲ. ಮೂಗಿನ ಟ್ಯೂಬ್ ತೆಗೆಸಿ ಬಾಯಿಂದ ಊಟ ಮಾಡಿಸುವವರೆಗೆ ತಂದರು. ಕಾಗದ ಪತ್ರವೂ ಅಷ್ಟೇ ಅಚ್ಚುಕಟ್ಟು. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಗುರುತಿಸಿರುವ 21 ಬಗೆಗಳಲ್ಲಿ ಚಲನೆಯ ತೊಂದರೆಯೂ ಇದೆ, ಅಫೇಸಿಯಾದಿಂದ ಬರುವ ಮಾತಿನ ತೊಂದರೆಯೂ ಇದೆ. ಅದನ್ನು ಓದಿ ತಿಳಿದುಕೊಂಡು ಎರಡಕ್ಕೂ ಸರ್ಟಿಫಿಕೇಟ್ ಮಾಡಿಸಿ, ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದರು. ಹಳೇ ತೆರಿಗೆ ಪದ್ಧತಿಯಲ್ಲಿ 80ಡಿಡಿ ಕಲಂ ಅಡಿ ಸಿಗುತ್ತಿದ್ದ 1,25,000 ರೂಪಾಯಿ ಕಡಿತವನ್ನೂ ಬಿಟ್ಟಿರಲಿಲ್ಲ. ವಿಕಲತೆ ಶೇ 80 ಅಥವಾ ಹೆಚ್ಚಿದ್ದರೆ ಆ ಮೊತ್ತ, ಶೇ 40ರಿಂದ 80ರ ಒಳಗಿದ್ದರೆ 75,000. ರಾಜ್ಯದ 2024-25ರ ಬಜೆಟ್‌ನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿದಾಗಲೂ ವಿಚಾರಿಸಿದ್ದರಂತೆ. ಆ ಪಟ್ಟಿಯಲ್ಲಿ ಇದ್ದದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್. ಸ್ಟ್ರೋಕ್ ಇರಲಿಲ್ಲ. “ಸರಿ, ರೂಲ್ ಅಂದ್ರೆ ರೂಲ್” ಅಂತ ಫೈಲ್ ಮುಚ್ಚಿದರು.

ಸ್ಟ್ರೋಕ್ ಆದ ಮೇಲೆ ಸುಧಾರಣೆ ಜೋರಾಗಿ ಕಾಣುವುದು ಮೊದಲ ಮೂರರಿಂದ ಆರು ತಿಂಗಳು. ಆಮೇಲೆ ನಿಲ್ಲುವುದಿಲ್ಲ, ಆದರೆ ಬಹಳ ನಿಧಾನ. ರಾಯರ ತೊಂದರೆ ಶುರುವಾದದ್ದು ಅಲ್ಲಿಂದ. ಸರಿಪಡಿಸುವುದಕ್ಕೆ ಏನಾದರೂ ಇದ್ದಷ್ಟು ದಿನ ಅವರ ಅಚ್ಚುಕಟ್ಟುತನ ಕೆಲಸಕ್ಕೆ ಬಂತು. ಸರಿಪಡಿಸುವಂಥದ್ದು ಮುಗಿದ ಮೇಲೆ ಅದೇ ಗುಣ ಕಾವಲಿಗೆ ನಿಂತಿತು. ದಪ್ಪ ರಟ್ಟಿನ ಲೆಡ್ಜರ್ ಬುಕ್ ಬಂತು. ಕುಡಿದ ನೀರು ಎಷ್ಟು ಎಂಎಲ್, ಮೂತ್ರ ಎಷ್ಟು ಸಲ, ಮೋಷನ್ ಆಯಿತೋ ಇಲ್ಲವೋ, ಬಿಪಿ, ನಿದ್ದೆ, ಪ್ರತಿಯೊಂದಕ್ಕೂ ಒಂದು ಕಾಲಂ. ಏಜೆನ್ಸಿಯಿಂದ ಬಂದ ಹೋಂ ನರ್ಸ್‌ಗಳು ಒಬ್ಬರಾದ ಮೇಲೆ ಒಬ್ಬರು ಬಿಟ್ಟು ಹೋದರು. ಒಬ್ಬಾಕೆ ಹೋಗುವಾಗ ಪಕ್ಕದ ಮನೆಯವರ ಹತ್ತಿರ ಅಂದಿದ್ದಳಂತೆ: “ಅಮ್ಮನ್ನ ನೋಡ್ಕೋಬಹುದು, ಬುಕ್ ನೋಡ್ಕೊಳಕ್ಕೆ ನನ್ ಕೈಲಾಗಲ್ಲ.” ಕೊನೆಗೆ ಎಲ್ಲಾ ರಾಯರೇ. ದಿನಕ್ಕೆ ಎಂಟ್ಹತ್ತು ಸಲ ಅಮ್ಮನನ್ನು ತಬ್ಬಿ ಎತ್ತಿ ಕುರ್ಚಿಗೆ, ಕಮೋಡ್‌ಗೆ, ಮತ್ತೆ ಹಾಸಿಗೆಗೆ. ಹರ್ನಿಯಾ ಕಾಣಿಸಿಕೊಂಡು ವರ್ಷವಾಗಿದ್ದರೂ ಟವೆಲ್ ಬಿಗಿದು ಕಟ್ಟಿಕೊಂಡು ಎತ್ತುತ್ತಿದ್ದರು.

ರಾತ್ರಿ ಊಟದ ಹೊತ್ತಿಗೆ ಅಲ್ಲಿದ್ದದ್ದರಿಂದ ಒಂದು ವಿಷಯ ಕಣ್ಣಿಗೆ ಬಿತ್ತು. ಅಮ್ಮನನ್ನು ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಕೆಳಗೆ ಮಾಡಿಸಿ, ಎಡಗಡೆಯಿಂದ ಸ್ಪೂನ್ ಕೊಡುತ್ತಿದ್ದರು. ರಾಗಿ ಅಂಬಲಿ, ಗಟ್ಟಿಯಾಗಿ ಕಾಸಿದ್ದು. ತೆಳ್ಳಗಿದ್ದರೆ ನೆತ್ತಿಗೆ ಹತ್ತುತ್ತದೆ ಅಂತ. ಪ್ರತಿ ತುತ್ತಿಗೂ ಬಲಕೆನ್ನೆ ಒತ್ತಿ ಅಲ್ಲಿ ಏನೂ ಉಳಿದಿಲ್ಲ ಅಂತ ನೋಡಿಕೊಳ್ಳುತ್ತಿದ್ದರು. ಯಾವ ಸ್ಪೀಚ್ ಥೆರಪಿಸ್ಟ್ ನೋಡಿದರೂ ನೂರಕ್ಕೆ ನೂರು ಕೊಡುವಂಥ ಕೆಲಸ. ಆದರೆ ಆ ಇಪ್ಪತ್ತು ನಿಮಿಷದಲ್ಲಿ ಅವರು ಅಮ್ಮನ ಬಾಯಿ ನೋಡಿದರೇ ಹೊರತು ಕಣ್ಣು ನೋಡಲಿಲ್ಲ. ಅಮ್ಮ “ಬೇಡ” ಅಂದರು. “ಇನ್ನು ನಾಲ್ಕೇ ಸ್ಪೂನ್ ಇರೋದು” ಅಂದರು ರಾಯರು. ಅಮ್ಮ ಬಾಯಿ ಬಿಗಿದರು. ಸ್ಪೂನ್ ತುಟಿಯ ಹತ್ತಿರವೇ ನಿಂತಿತ್ತು. ಗಡಿಯಾರ ನೋಡಿ ಬುಕ್ಕಿನಲ್ಲಿ ‘ರಾತ್ರಿ ಊಟ: ಅಪೂರ್ಣ’ ಅಂತ ಬರೆದರು. ತಿಂಗಳಿಂದ ಹೆಚ್ಚುಕಡಿಮೆ ದಿನಾ ಅದೇ ಬರೆದಿತ್ತು.

ಆರೈಕೆದಾರರ ಹೊರೆ ಅಳೆಯಲು ಝರಿಟ್ ಮಾಪನ ಬಳಸುತ್ತೇವೆ. ಅಮೆರಿಕದ ಸ್ಟೀವನ್ ಝರಿಟ್ ಮತ್ತು ಜೊತೆಗಾರರು 1980ರಲ್ಲಿ ಮಾಡಿದ್ದು. ಈಗ ಹೆಚ್ಚು ಬಳಕೆಯಲ್ಲಿರುವುದು 22 ಪ್ರಶ್ನೆಯ ರೂಪ. ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 88. ಸಾಮಾನ್ಯವಾಗಿ 20ರವರೆಗೆ ಹೊರೆ ಇಲ್ಲವೆಂದೋ ಬಹಳ ಕಡಿಮೆ ಎಂದೋ ಓದುತ್ತಾರೆ. 41ರಿಂದ 60 ಮಧ್ಯಮದಿಂದ ತೀವ್ರ, 61ರಿಂದ ಮೇಲೆ ತೀವ್ರ. ರಾಯರ ಅಂಕ 14.

ಒಟ್ಟು ನೋಡಿ ಬಿಟ್ಟಿದ್ದರೆ ಫೈಲ್ ಅಲ್ಲಿಗೇ ಮುಗಿಯುತ್ತಿತ್ತು. ಬಿಡಿಸಿ ನೋಡಿದರೆ ಬೇರೆ ಕತೆ. ಸಿಟ್ಟು ಬರುತ್ತದೆಯೇ? 0. ನಿಮಗೆ ಅಂತ ಸಮಯ ಸಿಗುತ್ತಿಲ್ಲ ಅನ್ನಿಸುತ್ತದೆಯೇ? 0. ಆರೋಗ್ಯ ಕೆಟ್ಟಿದೆಯೇ? ಅದಕ್ಕೂ 0, ಟವೆಲ್ ಬಿಗಿದುಕೊಂಡೇ ಕೂತಿದ್ದಾರೆ! ಇನ್ನೂ ಹೆಚ್ಚು ಮಾಡಬೇಕಿತ್ತು ಅನ್ನಿಸುತ್ತದೆಯೇ? 4. ಇನ್ನೂ ಚೆನ್ನಾಗಿ ನೋಡಿಕೊಳ್ಳಬಹುದಿತ್ತು ಅನ್ನಿಸುತ್ತದೆಯೇ? 4. ಮುಂದೆ ಅವರ ಗತಿ ಏನು ಅಂತ ಭಯವಾಗುತ್ತದೆಯೇ? 4. ಅವರು ನಿಮ್ಮ ಮೇಲೇ ಅವಲಂಬಿಸಿದ್ದಾರೆ ಅನ್ನಿಸುತ್ತದೆಯೇ? 2. ಹದಿನಾಲ್ಕೂ ಇಲ್ಲೇ ಬಂತು. ಈ ಮನುಷ್ಯನ ಒತ್ತಡ ‘ನನಗೆ ಕಷ್ಟ’ ಅನ್ನುವ ದಾರಿಯಲ್ಲಿ ಬರುತ್ತಲೇ ಇಲ್ಲ. ‘ನಾನು ಸಾಲದು’ ಅನ್ನುವ ದಾರಿಯಲ್ಲಿ ಬರುತ್ತಿದೆ.

ವ್ಯಕ್ತಿತ್ವದ ಮಾತು ಇಲ್ಲಿ ಬೇಕಾಗುತ್ತದೆ. ಮನಃಶಾಸ್ತ್ರದಲ್ಲಿ ಸ್ವಭಾವವನ್ನು ಐದು ಮುಖ್ಯ ಗುಣಗಳಲ್ಲಿ ನೋಡುವ ರೂಢಿ ಇದೆ: ಬೇಗ ಕಳವಳಪಡುವುದು, ಜನರ ಜೊತೆ ಬೆರೆಯುವುದು, ಹೊಸದಕ್ಕೆ ಮನಸ್ಸು ತೆರೆದಿರುವುದು, ಹೊಂದಿಕೊಂಡು ಹೋಗುವುದು, ಅಚ್ಚುಕಟ್ಟು. ಇವುಗಳಲ್ಲಿ ಆರೈಕೆಯ ಒತ್ತಡಕ್ಕೆ ಪದೇಪದೇ ತಳುಕು ಹಾಕಿಕೊಳ್ಳುವುದು ಮೊದಲನೆಯದು. 1992ರಲ್ಲಿ ಕ್ಯಾರೆನ್ ಹೂಕರ್ ಮತ್ತು ಜೊತೆಗಾರರು ಆಲ್ಜೈಮರ್ಸ್ ಇರುವ ಸಂಗಾತಿಯನ್ನು ನೋಡಿಕೊಳ್ಳುವವರ ಬಗ್ಗೆ ಬರೆದದ್ದರಲ್ಲೂ ಇದೇ ಕಾಣುತ್ತದೆ. ಕಳವಳದ ಸ್ವಭಾವದವರ ಆರೋಗ್ಯ ಹೆಚ್ಚು ಕುಗ್ಗಿತ್ತು, ಆಶಾವಾದಿಗಳದು ಕಡಿಮೆ. ಅಚ್ಚುಕಟ್ಟು ಗುಣವನ್ನು ಸಾಮಾನ್ಯವಾಗಿ ರಕ್ಷಣೆ ಕೊಡುವ ಗುಣ ಅಂತಲೇ ಎಣಿಸುತ್ತಾರೆ.

ಆದರೆ ಇಂಥ ಅಧ್ಯಯನಗಳಲ್ಲಿ ಒಂದು ತೊಡಕಿದೆ. ಸ್ವಭಾವ ಎಂಥದ್ದು ಅಂತ ಹೇಳುವವರೂ ಅವರೇ, ಒತ್ತಡ ಎಷ್ಟು ಅಂತ ಹೇಳುವವರೂ ಅವರೇ. ಕಳವಳದ ಮನುಷ್ಯ ಎರಡನ್ನೂ ಜೋರಾಗಿ ಹೇಳುತ್ತಾನೆ. ಬಾಯಿ ಬಿಡದ ಮನುಷ್ಯ ಎರಡನ್ನೂ ನುಂಗುತ್ತಾನೆ. ಹಾಗಾಗಿ ಸ್ವಭಾವ ಒತ್ತಡವನ್ನು ಬದಲಿಸುವುದಷ್ಟೇ ಅಲ್ಲ, ಒತ್ತಡದ ವರದಿಯನ್ನೂ ಬದಲಿಸುತ್ತದೆ. 1999ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್ ಪ್ರಕಟಿಸಿದ ಅಧ್ಯಯನ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತು. ಸಂಗಾತಿಯನ್ನು ನೋಡಿಕೊಳ್ಳುತ್ತಾ ಒತ್ತಡ ಅನುಭವಿಸುತ್ತಿದ್ದ ಹಿರಿಯರು ನಾಲ್ಕು ವರ್ಷದಲ್ಲಿ ಸಾಯುವ ಸಾಧ್ಯತೆ, ಆರೈಕೆಯ ಜವಾಬ್ದಾರಿ ಇಲ್ಲದವರಿಗಿಂತ ಶೇ 63 ಹೆಚ್ಚಿತ್ತು. ಆರೈಕೆ ಮಾಡುತ್ತಿದ್ದರೂ ಒತ್ತಡ ಇಲ್ಲ ಅಂದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ರಾಯರು ಕಾಗದದ ಪ್ರಕಾರ ಈ ಎರಡನೇ ಗುಂಪಿನವರು. ಬಿಪಿ ಮೆಷಿನ್ ಪ್ರಕಾರ ಅಲ್ಲ.

ನಾನು ರಾಯರಿಗೆ ವ್ಯಕ್ತಿತ್ವ ಪರೀಕ್ಷೆ ಮಾಡಲಿಲ್ಲ. ಮಾಡಿದ್ದರೂ ಇದೇ ಕೈಯಲ್ಲಿ ಉತ್ತರ ಬರೆಯುತ್ತಿದ್ದರು. ಹೇಳುತ್ತಿರುವುದೆಲ್ಲ ನೋಡಿದ್ದರಿಂದ, ಮಗ ಹೇಳಿದ್ದರಿಂದ, ಮನೆಯ ಹಿಂದಿನ ದಿನಗಳ ಮಾತಿನಿಂದ. ಆ ಮಾತುಗಳಲ್ಲಿ ಒಂದು ಮುಖ್ಯ. ಆ ಮನೆಗೆ ಜನ ಬರುತ್ತಿದ್ದದ್ದು ಅಮ್ಮನಿಂದ. ಭಜನಾ ಮಂಡಳಿ, ಅರಿಶಿನ ಕುಂಕುಮ, ಪಕ್ಕದ ಮನೆಯ ಮಗುವಿನ ನಾಮಕರಣ, ಎಲ್ಲ ಅವರದು. ರಾಯರಿಗೆ ರಸ್ತೆಯ ನಾಲ್ಕು ಮನೆಯವರ ಹೆಸರೂ ಗೊತ್ತಿರಲಿಲ್ಲ. ಮದುವೆಯಾದ ದಿನದಿಂದ ಜನರ ಬಾಬತ್ತು ಆಕೆಯದು, ಲೆಕ್ಕದ ಬಾಬತ್ತು ಇವರದು. ಆಕೆಯ ಮಾತು ನಿಂತಾಗ ಮನೆಯ ಬಾಗಿಲೂ ಮುಚ್ಚಿದಂತಾಯಿತು. ಜನ ಮೊದಮೊದಲು ಬಂದರು. ಊಟದ ಟೈಮು, ಮಲಗುವ ಟೈಮು ಅಂತ ಎರಡು ಸಲ ವಾಪಸ್ ಹೋದ ಮೇಲೆ ನಿಲ್ಲಿಸಿದರು.

ಹರ್ನಿಯಾ ಆಪರೇಷನ್ ಆಯಿತು. ಡಾಕ್ಟರ್ ಕೆಲವು ವಾರ ಭಾರ ಎತ್ತಲೇಬಾರದು ಅಂದರು. ಆಗ ಬಂದವರು ಚಿಕ್ಕಮ್ಮ.

ಅದೇ ಮನೆ, ಅದೇ ಅಮ್ಮ, ಅದೇ ಕೆಲಸ. ನೋಡಿಕೊಳ್ಳುವವರು ಮಾತ್ರ ಬೇರೆ. ಆರೈಕೆಯ ಭಾರ ಹೆಚ್ಚೋ, ಮನುಷ್ಯನ ಸ್ವಭಾವ ಹೆಚ್ಚೋ ಅನ್ನುವ ಪ್ರಶ್ನೆಯನ್ನು ಹೀಗೆ ಪಕ್ಕಪಕ್ಕ ನೋಡುವ ಅವಕಾಶ ನನ್ನ ಕೆಲಸದಲ್ಲಿ ಸಿಗುವುದು ಕಡಿಮೆ.

ಚಿಕ್ಕಮ್ಮ ಬಂದ ದಿನವೇ ಅತ್ತರು. ಅಕ್ಕನ ಮಡಚಿಕೊಂಡ ಬಲಗೈ ಬಿಡಿಸಿ ಒರೆಸುವಾಗ ಅತ್ತರು. ಹಿತ್ತಲಲ್ಲಿ ನಿಂತು ಮಗಳಿಗೆ ಫೋನ್ ಮಾಡಿ ಅತ್ತರು. ಅರ್ಧ ಗಂಟೆ ಆದ ಮೇಲೆ ಒಳಗೆ ಬಂದು ಕಾಫಿ ಮಾಡಿ, ಎದುರು ಮನೆಯವರನ್ನೂ ಕರೆದರು. ಭಜನಾ ಮಂಡಳಿಯವರು ಮತ್ತೆ ಬಂದು ಕೂತರು, ಅಮ್ಮ ಎರಡು ಸಾಲು ಹಾಡಿದರು. ರಾತ್ರಿ ಊಟ ಪೂರ್ತಿ ಆಗತೊಡಗಿತು. ಚಿಕ್ಕಮ್ಮ ಅಕ್ಕನ ಎಡಗೈಗೇ ಸ್ಪೂನ್ ಕೊಟ್ಟು, ಅರ್ಧ ಚೆಲ್ಲಿದರೆ ಚೆಲ್ಲಲಿ ಅಂತ ಪಕ್ಕದಲ್ಲಿ ಕೂತು ಊರಿನ ಸುದ್ದಿ ಹೇಳುತ್ತಿದ್ದರು. ನಗಿಸಬೇಡಿ, ನೆತ್ತಿಗೆ ಹತ್ತುತ್ತೆ ಅಂತ ರಾಯರು ಒಳಗಿಂದ ಕೂಗುತ್ತಿದ್ದರು. ಆ ಎಚ್ಚರಿಕೆ ತಪ್ಪೇನಲ್ಲ.

ಇಲ್ಲಿಗೆ ಚಿಕ್ಕಮ್ಮ ಗೆದ್ದರು ಅಂತ ಬರೆದುಬಿಡುವುದು ಸುಲಭ. ಆದರೆ ರಾತ್ರಿ ಅಮ್ಮ ಒಮ್ಮೆ ಕೆಮ್ಮಿದರೆ ಸಾಕು, ಮತ್ತೆ ಸ್ಟ್ರೋಕ್ ಆಯಿತೇನೋ ಅಂತ ಎದ್ದು ಕೂರುತ್ತಿದ್ದರು. ಮೂರನೇ ವಾರಕ್ಕೆ ಅವರಿಗೇ ಗ್ಯಾಸ್ಟ್ರಿಕ್, ತಲೆನೋವು. ಗಾಬರಿಯಲ್ಲಿ ಎರಡು ದಿನ ಅಮ್ಮನ ಬಿಪಿ ಮಾತ್ರೆ ತಪ್ಪಿತು. ಅಮ್ಮನ ಸೊಂಟದ ಹತ್ತಿರ ಚರ್ಮ ಕೆಂಪಾಗಿತ್ತು, ಮಗ್ಗುಲು ಬದಲಿಸುವುದು ತಡವಾಗಿ. ತಿಂಗಳ ಕೊನೆಗೆ ಚಿಕ್ಕಮ್ಮನಿಗೂ ಅದೇ ಪ್ರಶ್ನೆಗಳನ್ನು ಕೇಳಿದೆ. ಅಂಕ 43. ಮೂರು ವರ್ಷ ಒಬ್ಬರೇ ಎತ್ತಿದವರಿಗೆ 14, ಒಂದು ತಿಂಗಳು ನೋಡಿದವರಿಗೆ 43.

ಚಿಕ್ಕಮ್ಮನದು ಬೇಗ ಕಳವಳಪಡುವ, ಅಷ್ಟೇ ಬೇಗ ಜನರ ಹತ್ತಿರ ಹೋಗುವ ಸ್ವಭಾವ. ನೋವು ಜಾಸ್ತಿ, ಹೊರಗೆ ಹೋಗುವ ದಾರಿಯೂ ಜಾಸ್ತಿ. ರಾಯರದು ಕಳವಳ ಒಳಗೇ ಉಳಿದು ಕೆಲಸವಾಗಿ ಬದಲಾಗುವ ಸ್ವಭಾವ. ಚಿಕ್ಕಮ್ಮನಿಗೆ ಬೇಕಿದ್ದದ್ದು ರಾತ್ರಿ ನಿದ್ದೆ, ಯಾವುದು ಅಪಾಯದ ಲಕ್ಷಣ ಯಾವುದು ಅಲ್ಲ ಅನ್ನುವ ಸ್ಪಷ್ಟ ಮಾತು, ಮನಸ್ಸು ಭಾರವಾದಾಗ ಕೇಳುವ ಕಿವಿ. ಅವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಟ್ಟಿದ್ದೆ. ನಿಮ್ಹಾನ್ಸ್ ಉಸ್ತುವಾರಿಯಲ್ಲಿ 2022ರಲ್ಲಿ ಶುರುವಾದದ್ದು, ಕನ್ನಡದಲ್ಲೇ ಮಾತಾಡಬಹುದು. ಅದೇ ನಂಬರನ್ನು ರಾಯರಿಗೆ ಕೊಟ್ಟರೆ ಲೆಡ್ಜರ್‌ನ ಮುಖಪುಟದಲ್ಲಿ ಬರೆದಿಟ್ಟುಕೊಳ್ಳುತ್ತಾರೆ, ಅಷ್ಟೇ. ಆರೈಕೆದಾರರ ಗುಂಪಿನ ಸಭೆಗೆ ಒಂದು ಸಲ ಬಂದಿದ್ದರು. ಕೈಕಟ್ಟಿ ಕೂತಿದ್ದು, ಮುಗಿದ ಮೇಲೆ ನನ್ನನ್ನು ಕೇಳಿದ್ದು ಇದು: “ಇದರಿಂದ ಏನು ಔಟ್‌ಪುಟ್ ಬಂತು ಮೇಡಂ?”

ನಮ್ಮ ಕ್ಷೇತ್ರದಲ್ಲಿ ಎಲ್ಲರಿಗೂ ಒಂದೇ ಸಲಹೆ ಕೊಡುವ ಚಟ ಇದೆ: ನಿಮಗಾಗಿ ಸಮಯ ಮಾಡಿಕೊಳ್ಳಿ, ಮನಸ್ಸು ಬಿಚ್ಚಿ ಮಾತಾಡಿ, ಧ್ಯಾನ ಮಾಡಿ. ನನಗೆ ಇದರಲ್ಲಿ ನಂಬಿಕೆ ಕಡಿಮೆ. 68ರ ಮನುಷ್ಯನ ಸ್ವಭಾವ ಬದಲಿಸಲು ಹೊರಡುವುದಕ್ಕಿಂತ, ಆ ಸ್ವಭಾವದಿಂದಲೇ ಕೆಲಸ ತೆಗೆಯುವುದು ಮೇಲು. ಒತ್ತಡದ ಬಗ್ಗೆ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ಬರೆದದ್ದರ ತಿರುಳೂ ಹತ್ತಿರದ್ದೇ. ಪರಿಸ್ಥಿತಿಗಿಂತ, ಅದನ್ನು ಮನುಷ್ಯ ಹೇಗೆ ಅಳೆಯುತ್ತಾನೆ, ತನ್ನ ಕೈಲಿ ಏನಾಗುತ್ತದೆ ಅಂದುಕೊಳ್ಳುತ್ತಾನೆ ಅನ್ನುವುದು ಮುಖ್ಯ. ರಾಯರ ಅಳತೆಪಟ್ಟಿಯಲ್ಲಿ ಪಾಸ್, ಫೇಲ್ ಎರಡೇ ಇದ್ದವು.

ಒಂದು ದಿನ ಕಾರ್ಖಾನೆಯ ಮಾತು ಬಂತು. ಡ್ರಾಯಿಂಗ್‌ನಲ್ಲಿ 20 ಮಿಲಿಮೀಟರ್ ಅಂತಿದ್ದರೆ ಸರಿಯಾಗಿ 20 ಬರುತ್ತಿತ್ತೇ ಅಂತ ಕೇಳಿದೆ. “ಯಾವ ಮೆಷಿನ್‌ನಲ್ಲೂ ಬರಲ್ಲ. ಅದಕ್ಕೇ ಟಾಲರೆನ್ಸ್ ಕೊಡೋದು, ಪ್ಲಸ್ ಮೈನಸ್ ಇಷ್ಟು ಅಂತ. ಅದರೊಳಗಿದ್ರೆ ಪಾಸ್” ಅಂದರು. ಹಾಗಾದರೆ ಈ ಲೆಡ್ಜರ್‌ನಲ್ಲಿ ಟಾಲರೆನ್ಸ್ ಎಲ್ಲಿದೆ ಸರ್ ಅಂದೆ. ಸುಮ್ಮನಾದರು. ಮುಂದಿನ ಸಲ ಹೋದಾಗ ಸ್ಕೇಲ್ ಹಿಡಿದು ಗೆರೆ ಎಳೆದ ಒಂದು ಹಾಳೆ ರೆಡಿ ಇತ್ತು. ತಿಂಡಿ ಏಳೂವರೆ, ಪ್ಲಸ್ ಮೈನಸ್ ಅರ್ಧ ಗಂಟೆ. ರಾತ್ರಿ ಊಟ ಮುಕ್ಕಾಲು ಭಾಗ ಆದರೂ ಪಾಸ್. ಟಾಲರೆನ್ಸ್ ಇಲ್ಲದ ಸಾಲು ಮೂರೇ: ಮಾತ್ರೆ, ಮಗ್ಗುಲು ಬದಲಿಸುವುದು, ನೆಟ್ಟಗೆ ಕೂರಿಸಿ ತಿನ್ನಿಸುವುದು. ಡಾಕ್ಟರ್, ಫಿಸಿಯೋ ಇಬ್ಬರಿಗೂ ತೋರಿಸಿದೆವು, ಒಪ್ಪಿದರು.

ಹೊಸದಾಗಿ ಬಂದ ಹೋಂ ನರ್ಸ್ ಕೈಗೆ ಆ ಹಾಳೆ ಹೋಯಿತು. ಎತ್ತುವ ವಿಧಾನವನ್ನು ಫಿಸಿಯೋ ಇಬ್ಬರಿಗೂ ಒಟ್ಟಿಗೆ ಕಲಿಸಿದರು: ವೀಲ್‌ಚೇರ್ ಅಮ್ಮನ ಎಡಗಡೆ, ಬ್ರೇಕ್ ಹಾಕಿ, ಸೊಂಟಕ್ಕೆ ಬೆಲ್ಟ್, ಮುಂದಕ್ಕೆ ಬಗ್ಗಿಸಿ ಮೂಗು ಪಾದದ ನೇರಕ್ಕೆ ಬಂದಾಗ ಏಳಿಸುವುದು. ಅಮ್ಮ ತಮ್ಮ ಎಡಗಾಲಿನ ಮೇಲೆ ಸ್ವಲ್ಪ ಭಾರ ಹಾಕಬಲ್ಲರು ಅಂತ ಆಗ ಗೊತ್ತಾಯಿತು. ಮೂರು ವರ್ಷ ಪೂರ್ತಿ ಎತ್ತುತ್ತಿದ್ದರಿಂದ ಅದಕ್ಕೆ ಅವಕಾಶವೇ ಇರಲಿಲ್ಲ. ಲೆಡ್ಜರ್‌ಗೆ ಇನ್ನೂ ಎರಡು ಕಾಲಂ ಸೇರಿಸಲು ಹೇಳಿದೆ: ರಾಯರ ಬಿಪಿ, ರಾಯರ ನಿದ್ದೆ. ವಾಕಿಂಗ್ ಹೋಗಿ, ರೆಸ್ಟ್ ಮಾಡಿ ಅಂದರೆ ಕೇಳದ ಮನುಷ್ಯ ಕಾಲಂ ಖಾಲಿ ಬಿಡಲು ಒಪ್ಪಲಿಲ್ಲ. ನಾಲ್ಕು ಗಂಟೆ ನಿದ್ದೆ ಅಂತ ತಮ್ಮ ಕೈಯಲ್ಲೇ ಬರೆದದ್ದು ಸಾಲಾಗಿ ಕಂಡಾಗ, ಇದು ಸರಿಯಿಲ್ಲ ಅಂತ ಮೊದಲು ಹೇಳಿದವರೂ ಅವರೇ. ಗುರುವಾರ ಸಂಜೆ ಐದರಿಂದ ಆರು ಭಜನಾ ಮಂಡಳಿ ಅಂತಲೂ ಹಾಳೆಯಲ್ಲಿ ಬರೆಸಿದೆವು. ಬರೆದ ಮೇಲೆ ಅದು ರೂಲ್.

ಆರು ತಿಂಗಳಾದ ಮೇಲೆ ಬಿಪಿ ಮಾತ್ರೆಯ ಜೊತೆ 140ರ ಆಸುಪಾಸಿಗೆ ಬಂದಿದೆ. ತೂಕ ಮೂರು ಕೆಜಿ ಏರಿದೆ. ನರ್ಸ್ ಇನ್ನೂ ಇದ್ದಾಳೆ, ಬೆಳಗ್ಗೆ ಎಂಟರಿಂದ ಸಂಜೆ ಐದು. ಮಾಪನದ ಪ್ರಶ್ನೆಗಳನ್ನು ಮತ್ತೆ ಕೇಳಿದಾಗ ರಾಯರ ಅಂಕ 27.

ಕಾಗದದ ಮೇಲೆ ನೋಡಿದರೆ ಒತ್ತಡ ಹೆಚ್ಚುಕಡಿಮೆ ಎರಡರಷ್ಟಾಗಿದೆ. ವರದಿ ನೋಡಿದ ಮಗ ಗಾಬರಿಯಾಗಿ ಫೋನ್ ಮಾಡಿದ್ದ. ನಾನು ಅದನ್ನು ಒಳ್ಳೆಯ ಸುದ್ದಿ ಅಂತ ಓದಿದ್ದೇನೆ. ಆರೋಗ್ಯ ಕೆಟ್ಟಿದೆಯೇ ಅನ್ನುವುದಕ್ಕೆ ಈ ಸಲ 3 ಕೊಟ್ಟರು. ಸಮಯ ಸಿಗುತ್ತಿಲ್ಲ ಅನ್ನುವುದಕ್ಕೆ 2. ಸಿಟ್ಟು ಬರುತ್ತದೆಯೇ ಅಂದಾಗ ಅಮ್ಮ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, “ಎರಡು ಹಾಕಿ” ಅಂದರು. ಇನ್ನೂ ಹೆಚ್ಚು ಮಾಡಬೇಕಿತ್ತು ಅನ್ನುವುದು ಮಾತ್ರ 4ರಿಂದ 2ಕ್ಕೆ ಇಳಿದಿತ್ತು.

ಬಗೆಹರಿಯದೆ ಉಳಿದದ್ದು ರಾತ್ರಿ ಪಾಳಿ. ರಾತ್ರಿ ಹೊರಗಿನವರು ಮನೆಯಲ್ಲಿರುವುದು ರಾಯರಿಗೆ ಒಪ್ಪಿಗೆಯಿಲ್ಲ. ಮಗ ಇಬ್ಬರನ್ನೂ ಪುಣೆಗೆ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಅಲ್ಲಿ ಅಮ್ಮನಿಗೆ ಭಜನಾ ಮಂಡಳಿ ಇಲ್ಲ, ಕನ್ನಡ ಕಿವಿಗೆ ಬೀಳುವುದೂ ಕಡಿಮೆ. ಚಿಕ್ಕಮ್ಮ ಎರಡು ತಿಂಗಳಿಗೊಮ್ಮೆ ಒಂದು ವಾರ ಬಂದು ಇರುತ್ತೇನೆ ಅಂದಿದ್ದಾರೆ. ರಾತ್ರಿ ಕಾಯುವ ಕೆಲಸ ಮಾತ್ರ ಭಾವನದೇ ಅನ್ನುವ ಷರತ್ತು ಹಾಕಿ. ಅಮ್ಮನನ್ನೂ ಕೇಳಬೇಕಲ್ವಾ ಅಂತ ನಾನು ಮೂರು ಆಯ್ಕೆಗಳನ್ನು ಚಿತ್ರವಾಗಿ ಬರೆದ ಕಾರ್ಡ್ ಮಾಡಿಸಿದ್ದೇನೆ, ಎಡಗೈಯಲ್ಲಿ ತೋರಿಸಲು ಆಗುವ ಹಾಗೆ. ಮುಂದಿನ ಭೇಟಿ ಅದಕ್ಕೇ ಇದೆ.